ಹುಲಜಂತಿಯ ಹಳದಿ

ಅದು ಅದರಿಂದಲೇ ಆಗಿದ್ದರೆ ಹಚ್ಚಿಕೊಂಡ ಮರುದಿನವೇ ಏಳಬೇಕಿತ್ತಲ್ಲ, ಎಂದು ಅಣ್ಣಾರಾಯ ತನ್ನೊಳಗೆ ಇನ್ನೊಮ್ಮೆ ವಾದ ಹೂಡಿದ. ಹಳದಿ ಪುಡಿಯನ್ನು ಅಪ್ಪನ ಕೈಗೆ ಕೊಟ್ಟದ್ದು ದೀಪಾವಳಿ ಮುಗಿದ ರವಿವಾರ. ಅಪ್ಪನ ಹಣೆಯ ಮೇಲೆ ಮೊದಲ ಗುಳ್ಳೆಗಳು ಕಂಡದ್ದು ಹದಿನೆಂಟು ದಿನಗಳ ಮೇಲೆ. ಹದಿನೆಂಟು ದಿನ ಸುಮ್ಮನಿದ್ದ ಪುಡಿ ಹತ್ತೊಂಬತ್ತನೆಯ ದಿನ ಯಾವ ಸಿಟ್ಟಿಗೆ ಏಳಬೇಕು? ವಾದ ಚೆನ್ನಾಗಿತ್ತು, ಬಿ.ಎ. ಮಾಡಿದವನ ವಾದ. ಆದರೆ ಅದು ಮುಗಿಯುತ್ತ ಬಂದಾಗಲೆಲ್ಲ ಕಲ್ಲಣ್ಣನ ಎರಡು ಕೈಗಳು ಎಲ್ಲಿಂದಲೋ ಬಂದು ಎದುರು ನಿಲ್ಲುತ್ತಿದ್ದವು. ಅಣ್ಣಾರಾಯ ಗುಮಾಸ್ತನಾಗಿದ್ದ ಬಣ್ಣದ ಕಾರ್ಖಾನೆಯಲ್ಲಿ ಕಲ್ಲಣ್ಣ ನೂಲಿಗೆ ಬಣ್ಣ ಕಲಸುವವನು. ಮೊಣಕೈಯಿಂದ ಬೆರಳಿನ ತನಕ ಅವನಿಗೆ ಕೆಂಪು ಗುಳ್ಳೆಯೆದ್ದು, ಒಡೆದು, ಒಣಗಿ, ಚರ್ಮ ಹಳೆಯ ಚಪ್ಪಲಿಯ ಹಾಗೆ ಆಗಿತ್ತು. ಕೆಲಸಕ್ಕೆ ಸೇರಿದ ಮೊದಲ ಮೂರು ವಾರ ಏನೂ ಆಗಿರಲಿಲ್ಲವೆಂದು ಅವನೇ ಒಮ್ಮೆ ಹೇಳಿದ್ದ. ಕೊಬ್ಬರಿ ಎಣ್ಣೆ ಸವರಿಕೊಳ್ಳುತ್ತ, ಯಾರ ಮೇಲೂ ದೂರಿಲ್ಲದ ದನಿಯಲ್ಲಿ, “ಹಳದಿ ಡಬ್ಬಿ ಮಹಾ ಸಾವಕಾಶದ್ದು ಸಾಹೇಬ್ರ. ಮೊದಲ ಗುರ್ತು ಮಾಡ್ಕೋತೈತಿ, ಆಮ್ಯಾಲ ಹಿಡಿತೈತಿ,” ಎಂದಿದ್ದ.

ಸೊಲ್ಲಾಪುರದ ಚರ್ಮದ ಡಾಕ್ಟರರ ದವಾಖಾನೆಯ ಹೊರಕೋಣೆಯಲ್ಲಿ ಕೂಡಲು ಇದ್ದದ್ದು ಒಂದೇ ಉದ್ದನೆಯ ಬಾಕು. ಅದರ ತುದಿಗೆ ಅಪ್ಪ ಖಂಡಪ್ಪ ಕಂಬಳಿಯನ್ನು ಹುಬ್ಬಿನ ತನಕ ಎಳೆದುಕೊಂಡು ಕೂತಿದ್ದ. ಅರವತ್ತೈದರ ಮೇಲಿನ ದೇಹ. ಹನ್ನೂರಿನಲ್ಲಿ ಕುರಿಗಳ ಹಿಂದೆ ನಡೆದು ನಡೆದು ಗಟ್ಟಿಯಾದದ್ದು, ಮೂವತ್ತು ವರ್ಷ ಬೀರಪ್ಪ ದೇವರ ಪೂಜೆ ಮಾಡಿ ಸ್ವಲ್ಪ ಬಾಗಿದ್ದು. ಕಂಬಳಿ ಜಾರಿದಾಗ ಹಣೆ ಕಂಡಿತು. ಪಕ್ಕದಲ್ಲಿದ್ದ ಹೆಂಗಸು ಮಗುವನ್ನು ತನ್ನ ಇನ್ನೊಂದು ಮಗ್ಗುಲಿಗೆ ಎಳೆದುಕೊಂಡಳು. ಆ ಮಗುವಿನ ತಲೆಯ ತುಂಬ ಹುಣ್ಣುಗಳಿದ್ದವು. ಚರ್ಮರೋಗದವರ ನಡುವೆಯೂ ಮೇಲು ಕೀಳು ಇದೆ ಎಂದು ಅಣ್ಣಾರಾಯನಿಗೆ ಅನ್ನಿಸಿತು, ಅನ್ನಿಸಿದ್ದಕ್ಕೆ ಒಂದು ಕ್ಷಣ ಸಮಾಧಾನವೂ ಆಯಿತು, ಏಕೆಂದರೆ ಹೀಗೆ ಅನ್ನಿಸುವವನು ದೂರದಲ್ಲಿ ನಿಂತು ನೋಡುವವನು. ಅಷ್ಟರಲ್ಲಿ ಅಪ್ಪ ಎದ್ದು ಬಾಗಿಲ ಹತ್ತಿರ, ಎಲ್ಲರೂ ಚಪ್ಪಲಿ ಬಿಟ್ಟಿದ್ದ ಕಡೆ, ನೆಲಕ್ಕೆ ಕೂತ.

“ಅಪ್ಪಾ, ಮ್ಯಾಲ ಬಾ.”

“ಇರ್ಲಿ ಬಿಡು ತಮ್ಮಾ. ಬಾಕಿನ ಮ್ಯಾಲ ಕುಂತ್ರ ಕಾಲು ಜೋಮು ಹಿಡೀತಾವ.”

ಅಪ್ಪನ ಜೊತೆ ತಾನೂ ಕೆಳಗೆ ಕೂಡಬೇಕಿತ್ತು. ಕೂಡುವ ಮನಸ್ಸು ಮಾಡುವಷ್ಟರಲ್ಲಿ ಇಸ್ತ್ರಿ ಮಾಡಿದ ಪ್ಯಾಂಟು ನೆನಪಾಯಿತು. ಆಮೇಲೆ ಕೂತರೆ ಅದು ಪ್ಯಾಂಟನ್ನು ಗೆದ್ದು ಕೂತ ಹಾಗೆ ಆಗುತ್ತಿತ್ತು. ಹಾಗಾಗಿ ಕೂಡಲಿಲ್ಲ.

ಹುಲಜಂತಿಗೆ ಹೋಗದೆ ಉಳಿದದ್ದೂ ಸುಮಾರಾಗಿ ಹೀಗೆಯೇ. ದೀಪಾವಳಿಯ ಅಮಾವಾಸ್ಯೆಗೆ ಅಲ್ಲಿಯ ಮಹಾಲಿಂಗರಾಯನ ಗುಡಿಗೆ ಮುಟ್ಟಿಸಿದ ಭಂಡಾರ ಬಂದ ಮೇಲೇ ಹನ್ನೂರಿನ ಬೀರಪ್ಪನಿಗೆ ಹೊಸ ವರ್ಷ. ಭಂಡಾರವೆಂದರೆ ಬರೀ ಅರಿಶಿನದ ಪುಡಿ; ಆದರೆ ದೇವರ ಕೈಯಿಂದ ಬಂದದ್ದು. ಪ್ರತಿ ವರ್ಷ ಅಪ್ಪನೇ ನಡೆದು ಹೋಗಿ ತರುತ್ತಿದ್ದ. ಈ ವರ್ಷ ಮೊಣಕಾಲು ಬಾತಿತ್ತು. “ನೀ ಹೋಗಿ ಬಾ. ನಮ್ಮ ಮನೆತನದಾಂವ ಹೋಗ್ಬೇಕು. ಪೀರಪ್ಪನ್ನ ಕಳಿಸ್ಬಹುದು, ಆದ್ರ ನೀ ನನ್ನ ಹೊಟ್ಟ್ಯಾಗ ಹುಟ್ಟಿದಾಂವ,” ಎಂದು ಅಪ್ಪ ಹೇಳಿ ಕಳಿಸಿದ್ದ. ಪೀರಪ್ಪ ಚಿಕ್ಕಪ್ಪನ ಮಗ, ಕುರಿ ಕಾಯುವವನು, ಹೇಳಿದ್ದರೆ ಕುಣಿಯುತ್ತ ಹೋಗುತ್ತಿದ್ದ. ಅಣ್ಣಾರಾಯ ಎರಡು ದಿನ ರಜೆ ಹಾಕಿದ. ಮೊದಲ ದಿನ ತನ್ನ ಬಾಡಿಗೆ ಖೋಲಿಯಲ್ಲಿ ಪುಸ್ತಕ ಓದಿದ. ಜಾತ್ರೆಗೆ ಹೊರಟ ಕಂಬಳಿಗಳ ನಡುವೆ ಬಸ್ಸಿನಲ್ಲಿ ತಾನು ಕೂತಿರುವುದನ್ನು, ಕಾರ್ಖಾನೆಯ ಯಾರಾದರೂ ಕಿಟಕಿಯಿಂದ ನೋಡಿ ಕರೆಯುವುದನ್ನು ಕಲ್ಪಿಸಿಕೊಂಡ. ಎರಡನೆಯ ದಿನ ಮಧ್ಯಾಹ್ನ ಮಲಗಿದ. ಎದ್ದಾಗ ಹೋಗುವ ಹೊತ್ತು ಮೀರಿತ್ತು, ಮತ್ತು ಮೀರಿದ್ದು ಅವನಿಗೆ ಹಗುರವೆನ್ನಿಸಿತ್ತು. ಅರಿಶಿನ ಎಲ್ಲಿಯದಾದರೇನು, ನಂಬುವವನ ಮನಸ್ಸಿನಲ್ಲಲ್ಲವೇ ದೇವರು, ಎಂಬ ಮಾತು ಆಗ ಬಹಳ ಆಳದ್ದಾಗಿ ಕಂಡಿತ್ತು.

ಪೇಟೆಯಲ್ಲಿ ಅರಿಶಿನದ ಪುಡಿ ಕೊಂಡ. ಕಾಗದದ ಮೇಲೆ ಸುರುವಿ ನೋಡಿದರೆ ಮಂಕಾಗಿತ್ತು, ಮಣ್ಣಿನ ಹತ್ತಿರದ ಬಣ್ಣ. ಹುಲಜಂತಿಯ ಹಳದಿ ಅವನಿಗೆ ಗೊತ್ತಿತ್ತು. ಚಿಕ್ಕವನಾಗಿದ್ದಾಗ ಅಪ್ಪನ ಹೆಗಲ ಮೇಲಿಂದ ನೋಡಿದ್ದ. ಬಿಸಿಲಿನಲ್ಲಿ ಕಣ್ಣು ಚುಚ್ಚುವ ಹಳದಿ. ಅದು ಬಿಸಿಲಿನದೋ ಹೆಗಲಿನದೋ ಎಂದು ಆಗ ಅವನು ಕೇಳಿಕೊಳ್ಳಲಿಲ್ಲ. ಮರುದಿನ ಕಾರ್ಖಾನೆಯ ಉಗ್ರಾಣದಲ್ಲಿ, ಯಾರೂ ಇಲ್ಲದಾಗ, ಹಳದಿ ಡಬ್ಬಿಯ ಮುಚ್ಚಳ ತೆಗೆದು ಎರಡು ಚಮಚ ಪುಡಿ ತೆಗೆದುಕೊಂಡ. ನೂಲಿನ ಚೂರು ಹಿಡಿದು ಬಣ್ಣಕ್ಕೆ ಬಣ್ಣ ಹೊಂದಿಸುವುದನ್ನು ಅವನು ನಾಲ್ಕು ವರ್ಷ ನೋಡಿದ್ದ. ಸ್ವಲ್ಪ ಹಾಕುವುದು, ಕಲಸುವುದು, ಬೆಳಕಿಗೆ ಹಿಡಿಯುವುದು, ಇನ್ನೂ ಸ್ವಲ್ಪ. ಆ ಅರ್ಧ ಗಂಟೆ ಅವನು ಸುಖವಾಗಿದ್ದ. ಕಾಲೇಜು ಬಿಟ್ಟ ಮೇಲೆ ಇಷ್ಟು ಶ್ರದ್ಧೆಯಿಂದ ಅವನು ಮಾಡಿದ ಕೆಲಸ ಬೇರೊಂದಿರಲಿಲ್ಲ. ಕೊನೆಗೆ ಪುಡಿ ನೆನಪಿನ ಹಳದಿಗೇ ಬಂದು ನಿಂತಾಗ, ಮೋಸ ಮಾಡುತ್ತಿದ್ದೇನೆಂಬುದು ಮರೆತು, ಯಾರಿಗಾದರೂ ತೋರಿಸಬೇಕೆನ್ನಿಸಿತ್ತು. ತೋರಿಸಿದ್ದು ಅಪ್ಪನಿಗೆ. ಅಪ್ಪ ಚೀಲ ಬಿಚ್ಚಿ, ಬೆರಳಿನಿಂದ ಮುಟ್ಟಿ, ಕಣ್ಣಿಗೊತ್ತಿಕೊಂಡು, “ಈ ವರ್ಷ ದೇವರು ಭಾಳ ಖುಷಿ ಇದ್ದಂಗ ಕಾಣ್ತಾನ,” ಎಂದಿದ್ದ.

“ಖಂಡಪ್ಪ, ಹನ್ನೂರ,” ಎಂದು ಕಂಪೌಂಡರ್ ಕೂಗಿದ.

ಡಾಕ್ಟರು ನಲವತ್ತರ ಆಸುಪಾಸಿನವರು, ಮುಂಬೈಯಲ್ಲಿ ಓದಿದವರು. “ಕಾಯ ಝಾಲಂ ಬಾಬಾ?” ಏನಾಯಿತೆಂದು ಮರಾಠಿಯಲ್ಲಿ ಕೇಳುತ್ತ ಶುರುಮಾಡಿದರು. ಅಣ್ಣಾರಾಯ ಇಂಗ್ಲಿಷಿನಲ್ಲಿ ಉತ್ತರಿಸಿದ. ಮರಾಠಿ ಅವನಿಗೂ ಅಪ್ಪನಿಗೂ ಚೆನ್ನಾಗಿ ಬರುತ್ತಿತ್ತು; ಹಾಗಿದ್ದರೂ ಇಂಗ್ಲಿಷು ಬಾಯಿಗೆ ಬಂದದ್ದು ಅಪ್ಪ ಚಪ್ಪಲಿಗಳ ಪಕ್ಕದಿಂದ ಎದ್ದು ಬಂದದ್ದನ್ನು ಡಾಕ್ಟರು ಬಾಗಿಲ ಸಂದಿಯಿಂದ ನೋಡಿರಬಹುದೆಂದು. ಡಾಕ್ಟರ ಮುಖ ಬದಲಾಯಿತು, ಕುರ್ಚಿ ತೋರಿಸಿದರು. ಅಲ್ಲಿಂದ ಮುಂದೆ ಆ ಕೋಣೆಯಲ್ಲಿ ಇಬ್ಬರು ಮಾತಾಡುವವರಾದರು, ಒಬ್ಬ ಮೈಯಾದ.

ಕಂಬಳಿ ತೆಗೆಸಿದರು. ಹಣೆ, ಗಂಟಲಿನ ಗುಂಡಿ, ಎರಡು ಮುಂಗೈಗಳು, ಬಲಗೈಯ ಅಂಗೈ ಮತ್ತು ಬೆರಳ ಸಂದು. ಡಾಕ್ಟರು ಎರಡು ಹೆಜ್ಜೆ ಹಿಂದೆ ಸರಿದು, ಯಾರೋ ಗೆರೆ ಹಾಕಿ ಬಿಡಿಸಿದ ಹಾಗಿದೆ ಎಂದು ಇಂಗ್ಲಿಷಿನಲ್ಲಿ ತಮಗೇ ಹೇಳಿಕೊಂಡರು. ಪೂಜಾರಿ ಭಂಡಾರ ಹಚ್ಚಿಕೊಳ್ಳುವ ಜಾಗಗಳ ಪಟ್ಟಿಯನ್ನು ಅಣ್ಣಾರಾಯ ಮನಸ್ಸಿನಲ್ಲೇ ಒಪ್ಪಿಸಿ ನೋಡಿದ. ಒಂದೂ ತಪ್ಪಿರಲಿಲ್ಲ. ಡಾಕ್ಟರು ಅಪ್ಪನ ಕಣ್ಣು ಮುಚ್ಚಿಸಿ, ಹತ್ತಿಯ ಎಳೆಯಿಂದ ಅಲ್ಲಲ್ಲಿ ಮುಟ್ಟಿ, ಮುಟ್ಟಿದಲ್ಲಿ ಬೆರಳಿಡಲು ಮರಾಠಿಯಲ್ಲಿ ಹೇಳಿದರು. ಅಪ್ಪ ಒಂದೂ ಬಿಡದೆ ತೋರಿಸಿದ.

“ಕಣ್ಣ ಮುಚ್ಚಿಸಿ ಆಟಾ ಆಡ್ಸಾಕತ್ತಾರೇನೋ ಇವ್ರು?”

“ಸುಮ್ನಿರು ಅಪ್ಪಾ.”

ಕುಷ್ಠ ಅಲ್ಲ ಎಂದರು ಡಾಕ್ಟರು. ಹನ್ನೂರಿನಲ್ಲಿ ಒಂದು ತಿಂಗಳಿಂದ ಯಾರೂ ಬಾಯಿ ಬಿಟ್ಟು ಹೇಳದ, ಆದರೆ ಅಪ್ಪನ ಕೈಯಿಂದ ಪ್ರಸಾದ ತೆಗೆದುಕೊಳ್ಳುವಾಗ ಬೆರಳು ತಗಲದಂತೆ ಎಲ್ಲರನ್ನೂ ಎಚ್ಚರದಲ್ಲಿಟ್ಟಿದ್ದ ಆ ಮಾತು ಅಷ್ಟು ಸುಲಭವಾಗಿ ಬಂದು ಹೋಯಿತು.

“ಅದಲ್ಲಂತ ಅಪ್ಪಾ.”

“ಯಾವುದಲ್ಲ?”

“ನೀ ಅಂಜಿದ್ದು.”

“ನಾ ಎಲ್ಲಿ ಅಂಜಿದ್ದೆ? ನಿಮ್ಮವ್ವ ಅಂಜಿದ್ಲು,” ಎಂದ ಅಪ್ಪ. ಆದರೆ ಕಣ್ಣು ತೆರೆಯಲು ಸ್ವಲ್ಪ ಹೊತ್ತು ತೆಗೆದುಕೊಂಡ.

ಆಮೇಲೆ ಡಾಕ್ಟರು ಆ ಪ್ರಶ್ನೆ ಕೇಳಿದರು. ಇಂಗ್ಲಿಷಿನಲ್ಲಿ, ಅಣ್ಣಾರಾಯನ ಕಡೆಗೆ ತಿರುಗಿ, ಪೆನ್ನಿನ ಮುಚ್ಚಳ ತೆಗೆಯುತ್ತ. ಕಳೆದ ಎರಡು ಮೂರು ತಿಂಗಳಲ್ಲಿ ಇವರ ಚರ್ಮಕ್ಕೆ ಹೊಸದು ಏನಾದರೂ ತಗಲಿದೆಯೇ? ಸಾಬೂನು, ಎಣ್ಣೆ, ಔಷಧಿ, ಬಣ್ಣ? ಯೋಚಿಸಿ ಹೇಳಿ, ಇದರಲ್ಲೇ ಎಲ್ಲ ಇದೆ, ಎಂದರು. ಪ್ರಶ್ನೆ ಕನ್ನಡಕ್ಕೆ ಬರಬೇಕಿತ್ತು. ಅಪ್ಪ ಮಗನ ಬಾಯಿಯನ್ನೇ ನೋಡುತ್ತಿದ್ದ, ಕನ್ನಡ ಬರುತ್ತದೆಂದು ಕಾಯುತ್ತ. ಅಣ್ಣಾರಾಯ ಯೋಚಿಸಿದ ಹಾಗೆ ಮಾಡಿದ. ಸೂರಿನ ಮೂಲೆ ನೋಡಿದ. ಇಲ್ಲ, ಎಂದು ಇಂಗ್ಲಿಷಿನಲ್ಲಿ ಹೇಳಿದ. ಇಂಗ್ಲಿಷಿನಲ್ಲಿ ಅದು ಎಷ್ಟು ಚಿಕ್ಕ ಶಬ್ದ. ಕನ್ನಡದಲ್ಲಾಗಿದ್ದರೆ ಇಷ್ಟು ಸಲೀಸಾಗಿ ಬರುತ್ತಿರಲಿಲ್ಲವೇನೋ. ಡಾಕ್ಟರು ಅಪ್ಪನ ಮುಂಗೈಯ ಮೇಲೆ ಉಳಿದಿದ್ದ ಹಳದಿಯನ್ನು ಬೆರಳ ತುದಿಯಿಂದ ಮುಟ್ಟಿದರು. ಇದು? ದೇವರ ಅರಿಶಿನ, ಎಂದ ಅಣ್ಣಾರಾಯ. ಡಾಕ್ಟರು ನಕ್ಕರು. ಹಳಬರು ಮೂರ್ಖರಲ್ಲ, ಅರಿಶಿನ ಗಾಯ ಮಾಯಿಸುತ್ತದೆ, ಹಚ್ಚಿಕೊಳ್ಳಲಿ, ತಡೆಯಬೇಡಿ, ಎಂದರು. ನೆಲದ ಮೇಲೆ ಬಿದ್ದಿದ್ದ ಕಂಬಳಿ ಅವರ ಕಣ್ಣಿಗೆ ಬಿದ್ದದ್ದು ಆಗ. ಉಣ್ಣೆ, ಎಂದರು, ಕಳೆದದ್ದೇನೋ ಸಿಕ್ಕ ಸಂತೋಷದಲ್ಲಿ. ಹಣೆಗೆ ಎಳೆದುಕೊಳ್ಳುತ್ತಾರೆ, ಗಂಟಲಿಗೆ ಸುತ್ತಿಕೊಳ್ಳುತ್ತಾರೆ, ಕೈಯಲ್ಲಿ ಹಿಡಿಯುತ್ತಾರೆ. ನೋಡಿ, ಎಲ್ಲ ಹೊಂದಿತು.

ಹೊರಗೆ ಬಂದ ಮೇಲೆ ಅಪ್ಪ ಕೇಳಿದ. “ಏನಂದ್ರು?”

“ಕಂಬಳಿ ಹೊದೀಬಾರ್ದಂತ.”

ಅಪ್ಪ ನಡೆಯುವುದನ್ನು ನಿಲ್ಲಿಸಿದ. “ಕಂಬಳಿ?”

“ಉಣ್ಣಿ ನಿನ್ನ ಮೈಗೆ ಆಗಂಗಿಲ್ಲಂತ.”

“ಹುಟ್ಟಿದಾಗ ಅದರಾಗ ಸುತ್ತಿದ್ರಂತ ನನ್ನ. ಈಗ ಅದಕ್ಕ ನಾ ಬ್ಯಾಡಾದ್ನೇನು?” ಎಂದ. ಸ್ವಲ್ಪ ದೂರ ಹೋದ ಮೇಲೆ, “ಭಂಡಾರ?”

“ಹಚ್ಚಿಕೊಳ್ಳಲಿ ಅಂದ್ರು. ಛಲೋದಂತ.”

“ನೋಡ್ದೆ? ಓದಿದವ್ರೆಲ್ಲಾ ಕೆಟ್ಟವ್ರಲ್ಲ,” ಎಂದು ಅಪ್ಪ ಸಮಾಧಾನದಿಂದ ಹೇಳಿದ. ಕಂಬಳಿಯನ್ನು ಮಡಿಚಿ, ತೀರಿಕೊಂಡ ಕುರಿಮರಿಯನ್ನು ಎತ್ತುವ ಹಾಗೆ ಕಂಕುಳಲ್ಲಿಟ್ಟುಕೊಂಡ. ಅಣ್ಣಾರಾಯ ಪೇಟೆಯಲ್ಲಿ ನಿಂತು ಒಂದು ಸೊಲ್ಲಾಪುರ ಚಾದರ ಕೊಡಿಸಿದ. ದಪ್ಪ ಹತ್ತಿಯದು, ಅಂಚಿನಲ್ಲಿ ಹಳದಿ ಹೂಗಳು. ಆ ಹಳದಿ ಯಾವ ಡಬ್ಬಿಯದೆಂದು ನೋಡಿದ ಕೂಡಲೇ ಗೊತ್ತಾಯಿತು; ನೂಲಿಗೆ ಹತ್ತಿ, ಕುದ್ದು, ತೊಳೆದ ಮೇಲೆ ಅದು ಯಾರಿಗೂ ಏನೂ ಮಾಡುವುದಿಲ್ಲ ಎಂಬುದೂ ಗೊತ್ತಿತ್ತು. ಅಂಗಡಿಯವನಿಗೆ ಬೇರೆ ಅಂಚಿನದು ತೋರಿಸಲು ಹೇಳಲು ಅವನಿಗೆ ಬಾಯಿ ಬರಲಿಲ್ಲ. ಅಪ್ಪ ಹೊದ್ದು ನೋಡಿ, “ಚಂದೈತಿ. ಮದುವಿ ಗಂಡಿನಂಗ ಕಾಣ್ತೀನಿ,” ಎಂದ.

ಅಕ್ಕಲಕೋಟದ ಬಸ್ಸಿನಲ್ಲಿ ಚಳಿಗಾಳಿ ಕಿಟಕಿಯಿಂದ ಬಂದು ಚಾದರದ ಎಳೆಗಳ ನಡುವೆ ಹೊಕ್ಕು ಹೊರಡುತ್ತಿತ್ತು. ಹಿಂದಿನ ಸೀಟಿನಲ್ಲಿ ಇಬ್ಬರು ರೈತರು ರಾಜ್ಯದ ಮಾತಾಡುತ್ತಿದ್ದರು. ಹೋದ ವರ್ಷ ಗಡಿ ಎಳೆದಾಗ ತಾವು ಮುಂಬೈ ರಾಜ್ಯಕ್ಕೆ ಉಳಿದದ್ದು, ಮೈಸೂರಿಗೆ ಹೋಗಿದ್ದರೆ ಏನಾಗುತ್ತಿತ್ತೆಂಬುದು. “ಎಲ್ಲಿದ್ರೂ ಕಳೀ ನಾವ ಕೀಳಬೇಕಲ್ಲೋ,” ಎಂದ ಒಬ್ಬ. ಅಣ್ಣಾರಾಯ ಅದನ್ನು ಕೇಳುತ್ತ ಲೆಕ್ಕ ಹಾಕುತ್ತಿದ್ದ. ಹದಿನೈದು ದಿನಗಳ ಹಿಂದೆ ಅಕ್ಕಲಕೋಟದ ವೈದ್ಯ ಸಾತಲಿಂಗಪ್ಪನವರು ರಕ್ತ ಕೆಟ್ಟಿದೆ ಎಂದು ಬದನೆಕಾಯಿ ಬಿಡಿಸಿದ್ದರು, ಬೇವಿನ ಕಷಾಯ ಕುಡಿಸಿದ್ದರು. ಇವತ್ತು ಡಾಕ್ಟರು ಕಂಬಳಿ ಬಿಡಿಸಿದರು. ತಾನು ಬಾಯಿ ಬಿಡದೆ ಕಳೆಯುವ ಒಂದೊಂದು ದಿನಕ್ಕೂ ಅಪ್ಪನ ಮೈಮೇಲಿಂದ ಒಂದೊಂದು ಕಳಚಿಕೊಳ್ಳುತ್ತಿತ್ತು, ಮತ್ತು ಕಳಚಬೇಕಾದದ್ದು ಮಾತ್ರ ಅಲ್ಲೇ ಇತ್ತು. ಬರೀ ಇರಲಿಲ್ಲ, ಗುಳ್ಳೆ ಹೆಚ್ಚಾದಷ್ಟೂ ಅಪ್ಪ ಭಂಡಾರವನ್ನು ಹೆಚ್ಚು ಹಚ್ಚಿಕೊಳ್ಳುತ್ತಿದ್ದ. ಮೊದಲು ರವಿವಾರ ಮಾತ್ರ, ಈಗ ದಿನಾ ಎರಡು ಹೊತ್ತು. ಒಂದು ಬೊಟ್ಟು ಇಟ್ಟುಕೊಂಡು ಒರೆಸಿಕೊಳ್ಳುವ ಊರಿನವರಿಗೆ ಏನೂ ಆಗಿರಲಿಲ್ಲ.

“ತಮ್ಮಾ,” ಎಂದ ಅಪ್ಪ, ಕಿಟಕಿಯ ಹೊರಗೆ ನೋಡುತ್ತ. “ಇದು ಯಾಕ ಬಂತು ನನಗ ಗೊತ್ತೈತಿ.”

ಅಣ್ಣಾರಾಯನ ಕೈ ಮುಂದಿನ ಸೀಟಿನ ಕಬ್ಬಿಣವನ್ನು ಹಿಡಿದುಕೊಂಡಿತು. ಗೊತ್ತಾಗಿದೆ. ಆ ಕ್ಷಣ ಅವನಲ್ಲಿ ಭಯಕ್ಕಿಂತ ಮೊದಲು ಬಂದದ್ದು ಬಿಡುಗಡೆ. ತಾನು ಹೇಳುವ ಕೆಲಸ ತಪ್ಪಿತು.

“ನಿನಗ ಕಾಲೇಜಿನಾಗ ವಿಷಮಜ್ವರ ಬಂದಿತ್ತಲ್ಲ. ಇಪ್ಪತ್ತೊಂದು ದಿನ ಆಸ್ಪತ್ರಿ ಹೊರಗ ಕುಂತಿದ್ದೆ ನಾ. ನಡುವ ಅಮಾವಾಸಿ ಬಂತು. ಬೀರಪ್ಪನ ಪೂಜಿ ಆಗ್ಲಿಲ್ಲ. ಗುಡಿ ಬಾಗಲಾ ತೆಗೀಲಿಲ್ಲ.” ಅಪ್ಪ ಚಾದರವನ್ನು ಬಿಗಿಯಾಗಿ ಸುತ್ತಿಕೊಂಡ. “ಊರಿಗೆ ಬಂದ ಮ್ಯಾಲ ಮಂದಿ ಕೇಳಿದ್ರು. ಮುಂಜಾನೆ ಲಗೂನ ಬಂದು ಮಾಡಿ ಹೋಗೀನಿ, ನೀವು ಯಾರೂ ಎದ್ದಿದ್ದಿಲ್ಲ ಅಂತ ಹೇಳ್ದೆ. ದೇವರ ಕಟ್ಟಿ ಮ್ಯಾಲ ನಿಂತು ಹೇಳ್ದೆ. ಏಳು ವರ್ಷ ಆತು. ಅಂವ ಮರತಿಲ್ಲ.”

“ಅದಕ್ಕೂ ಇದಕ್ಕೂ ಸಂಬಂಧ ಇಲ್ಲಪ್ಪಾ.”

“ನಿನಗ ಹೆಂಗ ಗೊತ್ತು?”

ಅಣ್ಣಾರಾಯನಿಗೆ ಹೇಗೆ ಗೊತ್ತು ಎಂಬುದೇ ಪ್ರಶ್ನೆಯಾಗಿತ್ತು. ಅಪ್ಪ ಅವನ ಉತ್ತರಕ್ಕೆ ಕಾಯಲಿಲ್ಲ. “ಎಳ್ಳಮಾವಾಸಿ ದಿನ ಊರ ಹಿರ್ಯಾರ ದೈವ ಕೂಡಿಸಿ ಎಲ್ಲಾರ ಮುಂದ ಹೇಳಿಬಿಡ್ತೀನಿ. ಚೀಲ ಪೀರಪ್ಪಗ ಕೊಡ್ತೀನಿ. ಪೂಜಿ ಅವ್ನ ಮಾಡ್ಲಿ. ಸುಳ್ಳಾಡಿದ ಕೈಲೆ ಭಂಡಾರ ಕೊಟ್ರ ಅದು ಯಾರಿಗೂ ಹತ್ತಂಗಿಲ್ಲ.”

ಎಳ್ಳಮಾವಾಸ್ಯೆಗೆ ಐದು ದಿನ ಇತ್ತು. ಭಂಡಾರದ ಚೀಲ ಅಜ್ಜನಿಂದ ಅಪ್ಪನ ಸೊಂಟಕ್ಕೆ ಬಂದದ್ದು. ಅದಿಲ್ಲದ ಅಪ್ಪನನ್ನು ಅಣ್ಣಾರಾಯ ಆ ಆಸ್ಪತ್ರೆಯ ಇಪ್ಪತ್ತೊಂದು ದಿನ ಬಿಟ್ಟರೆ ನೋಡಿರಲಿಲ್ಲ. ಆಗಲೂ ಜ್ವರದ ನಡುವೆ, ಬಿಳಿ ಚಾದರಗಳ ಆಚೆ, ಕಿಟಕಿಯಲ್ಲಿ ಒಂದು ಖಾಲಿ ಸೊಂಟದ ಮುದುಕ ನಿಂತಿದ್ದದ್ದು ನೆನಪಿತ್ತು. ಈಗಲೇ, ಈ ಬಸ್ಸಿನಲ್ಲೇ, ಒಂದು ವಾಕ್ಯ ಸಾಕು. ವಾಕ್ಯವನ್ನು ಅವನು ಕಟ್ಟಿಯೂ ನೋಡಿದ. ಅಪ್ಪಾ, ನಾ ಹುಲಜಂತಿಗೆ ಹೋಗಿದ್ದಿಲ್ಲ. ಇಷ್ಟೇ. ಆದರೆ ಇದು ಒಂದೇ ವಾಕ್ಯವಲ್ಲ; ಹಿಂದೆ ಎರಡನೆಯದು ಬರುತ್ತದೆ, ಡಾಕ್ಟರ ಕೋಣೆಯದು ಮೂರನೆಯದು. ಇಷ್ಟಕ್ಕೂ ಹೇಳುವುದು ಮುಖ್ಯವೋ, ಗುಣವಾಗುವುದು ಮುಖ್ಯವೋ? ಪುಡಿ ಬದಲಾಯಿಸಿದರೆ ಗುಳ್ಳೆ ಹೋಗುತ್ತವೆ. ಗುಳ್ಳೆ ಹೋದರೆ ಅಪ್ಪನ ಭ್ರಮೆಯೂ ಹೋಗುತ್ತದೆ. ತಪ್ಪನ್ನು ತಿದ್ದಿದ ಮೇಲೆ ಒಪ್ಪಿಕೊಳ್ಳುವುದು ಬರೀ ಆಡಂಬರ. ಅಕ್ಕಲಕೋಟದಲ್ಲಿ ಹನ್ನೂರಿನ ಬಸ್ಸಿಗೆ ಕಾಯುವಾಗ, ಚಹಾ ಹೇಳಿ ಬರುತ್ತೇನೆಂದು ಹೋಗಿ, ಅವನು ಒಂದು ಪೊಟ್ಟಣ ಅರಿಶಿನ ಕೊಂಡ. ಬೇರನ್ನು ಕಣ್ಣೆದುರೇ ಕುಟ್ಟಿಸಿ ಪುಡಿ ಮಾಡಿಸಿಕೊಂಡ. ಮಂಕಾಗಿತ್ತು, ಮಣ್ಣಿನ ಹತ್ತಿರದ ಬಣ್ಣ.

ಮರುದಿನ ಅಪ್ಪ ಸ್ನಾನಕ್ಕೆ ಹೋದಾಗ ಗೂಟಕ್ಕೆ ತೂಗಿದ್ದ ಚೀಲ ಇಳಿಸಿ, ಹಳೆಯ ಪುಡಿಯನ್ನು ಹಿತ್ತಲಿನ ತಿಪ್ಪೆಗೆ ಸುರುವಿ, ಚೀಲ ಕೊಡವಿ, ಹೊಸದು ತುಂಬಿದ. ಅರ್ಧ ನಿಮಿಷದ ಕೆಲಸ. ಇಷ್ಟು ಸುಲಭದ್ದನ್ನು ಒಂದು ತಿಂಗಳು ಮಾಡದೆ ಇದ್ದೆನಲ್ಲ ಎಂದು ತನ್ನ ಮೇಲೆ ತಾನೇ ನಕ್ಕ. ಮಧ್ಯಾಹ್ನ ಅವ್ವ ಸಕ್ಕುಬಾಯಿ ಹಿತ್ತಲಿನಿಂದ ಕೋಳಿಯೊಂದನ್ನು ಹಿಡಿದುಕೊಂಡು ಬಂದಳು. ಅದರ ಕಾಲು, ಕೊಕ್ಕು, ರೆಕ್ಕೆಯ ಅಂಚು, ಎಲ್ಲ ಕಣ್ಣು ಚುಚ್ಚುವ ಹಳದಿ.

“ಇದಕ್ಯಾರು ಪೂಜಿ ಮಾಡ್ಯಾರ?” ಎಂದಳು.

ಅವ್ವ ಕೋಳಿಯನ್ನು ಬಿಟ್ಟು, ಹಗ್ಗದ ಮೇಲಿನ ಅಪ್ಪನ ಹಳದಿ ಕಲೆಯ ಧೋತರ ತೆಗೆದು ಮಡಿಚತೊಡಗಿದಳು. “ಅರಿಶಿಣದ ಕಲಿ ಬಿಸಲಿಗಿ ಹಾಕಿದ್ರ ಎರಡು ದಿನಕ್ಕ ಹಾರತೈತಿ. ಇದು ಒಂದೂವರಿ ತಿಂಗಳಾತು, ಹಾಂಗ ಕುಂತೈತಿ. ಹುಲಜಂತಿ ಅರಿಶಿಣ ಬ್ಯಾರೇನ ಇರ್ಬೇಕು.”

“ಇರ್ಬೇಕು.”

“ಹೂಂ,” ಎಂದಳು ಅವ್ವ. ಧೋತರವನ್ನು ಅವನ ಕೈಗೆ ಕೊಟ್ಟಳು, ಒಳಗಿಡು ಎಂಬಂತೆ. ಕಲೆಯ ಮಡಿಕೆ ಮೇಲಕ್ಕಿತ್ತು. ಅವಳು ಹಾಗೆ ಮಡಿಚಿದ್ದು ಬೇಕೆಂದೋ ಏನೋ, ಅವನಿಗೆ ಗೊತ್ತಾಗಲಿಲ್ಲ. ಅವಳು ಆ ಮಾತನ್ನು ಮತ್ತೆ ಎತ್ತಲಿಲ್ಲ. ಅವನಿಗೂ ಎತ್ತಲು ಬಿಡಲಿಲ್ಲ, ಎಂದು ಆಮೇಲೆ ಎಷ್ಟೋ ದಿನ ಅವನು ತಪ್ಪಿನ ಅರ್ಧವನ್ನು ಅವಳ ಪಾಲಿಗೆ ಹಾಕಿ ನೋಡಿದ್ದುಂಟು.

ಐದು ದಿನಕ್ಕೆ ಗುಳ್ಳೆಗಳು ಹೋಗುತ್ತವೆಯೇ? ಮೂರನೆಯ ದಿನ ಅಪ್ಪನ ಹಣೆ ಮೊದಲಿಗಿಂತ ಕೆಂಪಾಗಿ ಕಂಡಿತು. ನಾಲ್ಕನೆಯ ದಿನ ತುರಿಕೆ ಕಡಿಮೆ ಎಂದ. ಅಣ್ಣಾರಾಯ ಅಷ್ಟಕ್ಕೇ ಹಿಗ್ಗಿ, “ಇನ್ನೊಂದು ತಿಂಗಳು ತಡಿ ಅಪ್ಪಾ, ಪೂರ್ತಿ ಹೋಗ್ತೈತಿ. ದೈವ ಗೀವ ಯಾಕ?” ಎಂದ. “ಹೇಳ್ತೀನಿ ಅಂತ ಮನಸ್ಸು ಮಾಡೀನಲ್ಲ, ಅದಕ್ಕ ಕಡಿಮಿ ಆಗಾಕತ್ತೈತಿ,” ಎಂದ ಅಪ್ಪ. ಆ ನಂಬಿಕೆಗೆ ತನ್ನ ಕೈಯಾರೆ ಪುರಾವೆ ಒದಗಿಸಿದ್ದನ್ನು ಅಣ್ಣಾರಾಯ ನೋಡಿಕೊಂಡ.

ಎಳ್ಳಮಾವಾಸ್ಯೆಯ ಬೆಳಿಗ್ಗೆ ಜನ ಹೊಲಕ್ಕೆ ಬುತ್ತಿ ಹೊತ್ತು ಹೊರಡುವ ಮೊದಲು ಬೀರಪ್ಪನ ಕಟ್ಟೆಯ ಹತ್ತಿರ ಇಪ್ಪತ್ತು ಮಂದಿ ಸೇರಿದರು. ಬಜ್ಜಿ, ಕಡುಬಿನ ವಾಸನೆ ಬುಟ್ಟಿಗಳಿಂದ ಬರುತ್ತಿತ್ತು. ಬೇಗ ಮುಗಿದರೆ ಸಾಕೆಂದು ಎಲ್ಲರೂ ಕಾಯುತ್ತಿದ್ದರು. ಅಪ್ಪ ಹೂವಿನ ಅಂಚಿನ ಚಾದರ ಹೊದ್ದು, ಕಟ್ಟೆಯ ಮೇಲೆ ಹತ್ತದೆ ಕೆಳಗೇ ನಿಂತು ಹೇಳಿದ. ಬಸ್ಸಿನಲ್ಲಿ ಹೇಳಿದ್ದಕ್ಕಿಂತ ಕಡಿಮೆ ಮಾತಿನಲ್ಲಿ. ಪೂಜೆ ಆಗಿರಲಿಲ್ಲ, ಆಯಿತೆಂದೆ. ಅಷ್ಟೇ. ಹಿರಿಯ ಧರೆಪ್ಪ ಗಂಟಲು ಸರಿಮಾಡಿಕೊಂಡ.

“ಮಗ ಸಾಯಾಕ ಬಿದ್ದಾಗ ಆದದ್ದು. ಅದೇನು ಸುಳ್ಳೋ ಖಂಡಪ್ಪ? ಬಿಡು.”

“ಮಗನ ಸಲುವಾಗಿ ಪೂಜಿ ಬಿಟ್ಟಿದ್ದು ಬ್ಯಾರೆ. ಮಾಡೀನಿ ಅಂದದ್ದು ನನ್ನ ಸಲುವಾಗಿ,” ಎಂದ ಅಪ್ಪ.

ಆ ಮಾತು ಅಣ್ಣಾರಾಯನಿಗೆ ಎಲ್ಲಿ ತಗಲಬೇಕೋ ಅಲ್ಲಿ ತಗಲಿತು. ತಾನು ಎಷ್ಟು ಪುಸ್ತಕ ಓದಿಯೂ ಬೇರೆ ಮಾಡಿ ನೋಡಲಾಗದಿದ್ದ ಎರಡು ಸಂಗತಿಗಳನ್ನು ಅಪ್ಪ ಕುರಿಗಳನ್ನು ಬೇರೆ ಮಾಡುವ ಹಾಗೆ ಅತ್ತ ಒಂದು ಇತ್ತ ಒಂದು ನಿಲ್ಲಿಸಿದ್ದ. ಪೀರಪ್ಪ ಹಿಂದೆ ಹಿಂದೆ ಸರಿಯುತ್ತಿದ್ದ. “ನನಗ ಬ್ಯಾಡ ದೊಡ್ಡಪ್ಪಾ. ನನಗ ದೇವರ ಹಾಡು ಸುದ್ದಾ ಪೂರಾ ಬರಂಗಿಲ್ಲ,” ಎಂದ, ಅಳುವ ದನಿಯಲ್ಲಿ. ಧರೆಪ್ಪ ಅತ್ತ ಇತ್ತ ನೋಡಿ ಅಣ್ಣಾರಾಯನನ್ನು ಹುಡುಕಿದ.

“ಓದಿದಾಂವ ಅದಾನಲ್ಲ ಮನ್ಯಾಗ. ಅಣ್ಣಾರಾಯ, ನೀ ಏನಂತಿ? ನೀ ಒಂದ್ ಮಾತು ಹೇಳಿದ್ರ ನಿಮ್ಮಪ್ಪ ಕೇಳ್ತಾನ.”

ಇಪ್ಪತ್ತು ಮುಖಗಳು ತಿರುಗಿದವು. ಅಪ್ಪನೂ ನೋಡಿದ. ಗುಡಿಯ ಮೂಲೆಯಲ್ಲಿ ಹೆಂಗಸರ ನಡುವೆ ನಿಂತಿದ್ದ ಅವ್ವ ಮಾತ್ರ ಬುಟ್ಟಿಯ ಮೇಲಿನ ಬಟ್ಟೆ ಸರಿಮಾಡುತ್ತಿದ್ದಳು. ಅಣ್ಣಾರಾಯ ಬಾಯಿ ತೆರೆದ. ಹೊಲದ ಕಡೆಯಿಂದ ಗಾಳಿ ಬಂತು, ಅಪ್ಪನ ಚಾದರ ಪಟಪಟ ಬಡಿಯಿತು, ಮುದುಕ ನಡುಗಿದ್ದು ಎಲ್ಲರಿಗೂ ಕಂಡಿತು. ಕಂಬಳಿ ತಂದು ಹೊದಿಸಬೇಕು ಅನ್ನಿಸಿತು. ಕಂಬಳಿ ಹೊದಿಸಿದರೆ ಏಕೆ ಎಂದು ಹೇಳಬೇಕಾಗುತ್ತದೆ.

“ಅಪ್ಪನ ಮನಸ್ಸಿಗೆ ಹೆಂಗ ಬರತೈತಿ ಹಂಗ ಆಗ್ಲಿ,” ಎಂದ.

“ಇದು ಮಗ ಅಂದ್ರ,” ಎಂದರು ಯಾರೋ ಹಿಂದಿನಿಂದ. “ತಂದಿ ಮಾತಿಗಿ ಅಡ್ಡ ಬರ್ಲಿಲ್ಲ ನೋಡು.”

ಅಪ್ಪ ಸೊಂಟದ ಚೀಲ ಬಿಚ್ಚಿ ಪೀರಪ್ಪನ ಸೊಂಟಕ್ಕೆ ತಾನೇ ಕಟ್ಟಿದ. ಕೊಡುವ ಮೊದಲು ಕೊನೆಯ ಬಾರಿ ಒಂದು ಚಿಟಿಕೆ ತೆಗೆದು ಅಂಗೈಯಲ್ಲಿ ಹಿಡಿದು ನೋಡಿದ. ಬಹಳ ಹೊತ್ತು ನೋಡಿದ. ಆಮೇಲೆ ಅದನ್ನು ಹಣೆಗೆ ಹಚ್ಚಿಕೊಳ್ಳದೆ ಚೀಲಕ್ಕೇ ಹಾಕಿದ.

ಶಿವರಾತ್ರಿಯ ಹೊತ್ತಿಗೆ ಅಪ್ಪನ ಮೈ ಪೂರ್ತಿ ಶುದ್ಧವಾಗಿತ್ತು. ತಪ್ಪೊಪ್ಪಿಗೆ ದೇವರಿಗೆ ಮುಟ್ಟಿತೆಂದು ಹನ್ನೂರು ಹೇಳಿತು. ಸುತ್ತಲಿನ ಊರುಗಳಿಂದ ಇಬ್ಬರು ಮೂವರು ತಮ್ಮ ತಮ್ಮ ಹಳೆಯ ಸುಳ್ಳುಗಳನ್ನು ಬೀರಪ್ಪನ ಕಟ್ಟೆಗೆ ಬಂದು ಒಪ್ಪಿಸಿದರು. ಸಾತಲಿಂಗಪ್ಪನವರು ಬದನೆಕಾಯಿಯನ್ನು ಇನ್ನೂ ಎಂಟು ಮಂದಿಗೆ ಬಿಡಿಸಿದರು. ಸೊಲ್ಲಾಪುರದ ಡಾಕ್ಟರು ಅಣ್ಣಾರಾಯನನ್ನು ಪೇಟೆಯಲ್ಲಿ ಗುರುತಿಸಿ, ನಿಲ್ಲಿಸಿ, ಉಣ್ಣೆಯ ವಿಷಯ ಮುಂದಿನ ತಿಂಗಳು ವೈದ್ಯರ ಸಭೆಯಲ್ಲಿ ಹೇಳುವವನಿದ್ದೇನೆ, ನಿಮ್ಮ ತಂದೆಯ ಹೆಸರು ಬರುವುದಿಲ್ಲ, ಚಿಂತಿಸಬೇಡಿ, ಎಂದು ಇಂಗ್ಲಿಷಿನಲ್ಲಿ ಭರವಸೆ ಕೊಟ್ಟರು. ಎಲ್ಲರ ಲೆಕ್ಕವೂ ಸರಿಯಾಗಿತ್ತು. ಕಾರ್ಖಾನೆಯಲ್ಲಿ ಕಲ್ಲಣ್ಣ ಮಾತ್ರ ಹಾಗೇ ಎಣ್ಣೆ ಸವರಿಕೊಳ್ಳುತ್ತಿದ್ದ. ಅವನ ಮೇಲೆ ಯಾವ ದೇವರಿಗೂ ಸಿಟ್ಟಿರಲಿಲ್ಲವಾದ್ದರಿಂದ ಅವನಿಗೆ ಗುಣವಾಗುವ ದಾರಿಯಿರಲಿಲ್ಲ.

ಶಿವರಾತ್ರಿ ಕಳೆದ ರವಿವಾರ ಅಣ್ಣಾರಾಯ ಊರಿಗೆ ಹೋದಾಗ ಅಪ್ಪ ಮನೆಯ ಮುಂದಿನ ಕಟ್ಟೆಯ ಮೇಲೆ ಇಳಿಬಿಸಿಲಿಗೆ ಕೂತಿದ್ದ. ಗುಡಿಯಿಂದ ಆಗತಾನೇ ಬಂದಿದ್ದ. ಪೂಜೆ ಪೀರಪ್ಪನದು, ಅಪ್ಪ ಈಗ ಎಲ್ಲರ ಹಾಗೆ ಸಾಲಿನಲ್ಲಿ ನಿಂತು ಕೈಯೊಡ್ಡಿ ಭಂಡಾರ ಇಸಿದುಕೊಳ್ಳುವವನು. ಹಣೆಯ ಮೇಲೆ ಮಂಕು ಅರಿಶಿನದ ಒಂದು ಬೊಟ್ಟಿತ್ತು. ಅದರ ಕೆಳಗಿನ ಚರ್ಮ ಮಗುವಿನದರ ಹಾಗೆ ಹೊಸದಾಗಿತ್ತು. ಕಂಬಳಿ ಒಳಗೆ ಗೂಟದ ಮೇಲಿತ್ತು; ಡಾಕ್ಟರ ಮಾತು ಮೀರಬಾರದೆಂದು ಅಪ್ಪ ಅದನ್ನು ಮುಟ್ಟಿರಲಿಲ್ಲ.

“ಕೂಡು,” ಎಂದ ಅಪ್ಪ. ಅಣ್ಣಾರಾಯ ಈ ಸಲ ಪ್ಯಾಂಟನ್ನು ನೋಡದೆ ನೆಲಕ್ಕೆ ಕೂತ.

“ಹುಲಜಂತ್ಯಾಗ ಆ ಸಲ ಮಂದಿ ಭಾಳ ಕೂಡಿತ್ತೇನು?”

“ಕೂಡಿತ್ತು.”

“ಎಲ್ಲಿ ಕುಂತಿದ್ದಿ?”

“ಗುಡಿ ಹಿಂದ.”

“ಗುಡಿ ಹಿಂದ,” ಎಂದು ಅಪ್ಪ ನಿಧಾನವಾಗಿ ಹೇಳಿದ. “ಹೂಂ. ಅಲ್ಲೆ ನೆಳ್ಳ ಇರತೈತಿ.” ಬಲಗೈಯ ಅಂಗೈ ತಿರುಗಿಸಿ, ಬೆರಳ ಸಂದುಗಳನ್ನು ಒಂದೊಂದಾಗಿ ನೋಡಿಕೊಂಡ. “ಹೇಳಿದ ಮ್ಯಾಲ ಭಾಳ ಹಗುರಾತು ನೋಡು ತಮ್ಮಾ. ಏಳು ವರ್ಷ ಹೊತ್ತಿದ್ದೆ. ಹೇಳೂದು ಎಷ್ಟು ಸಣ್ಣ ಕೆಲಸ ಇತ್ತು ಅಂತ ಈಗ ಅನಸ್ತೈತಿ.”

ಅವಸರವಿಲ್ಲದೆ, ಕುರಿಗಳು ಮೇಯ್ದು ಹಿಂದಿರುಗುವುದನ್ನು ಕಾಯುವವನ ಹಾಗೆ, ಮಗನ ಕಡೆ ನೋಡದೆ ಕಾದ. ಬಿಸಿಲು ಕಟ್ಟೆಯ ಅಂಚಿಗೆ ಬಂತು. ಗೋಡೆಯ ಮೇಲೆ ನಡೆಯುತ್ತಿದ್ದ ಕೋಳಿಯ ಕಾಲುಗಳಲ್ಲಿ ಇನ್ನೂ ಸ್ವಲ್ಪ ಹಳದಿ ಉಳಿದಿತ್ತು. ಅಪ್ಪ ಚಾದರವನ್ನು ಹೆಗಲ ಮೇಲೆ ಎಳೆದುಕೊಂಡು, ಚಳಿ ಎಂದ, ಎದ್ದು ಒಳಗೆ ಹೋದ.

ತಾನು ಹುಲಜಂತಿಗೆ ಹೋಗಿರಲಿಲ್ಲ, ಆ ಹಳದಿ ಕಾರ್ಖಾನೆಯ ಡಬ್ಬಿಯದು, ಕಂಬಳಿ ಹೊದ್ದುಕೊಳ್ಳಬಹುದು ಎಂದು ಅಣ್ಣಾರಾಯ ಅಪ್ಪನಿಗೆ ಆ ದಿನ ಹೇಳಲಿಲ್ಲ, ಮುಂದೆಯೂ ಹೇಳಲಿಲ್ಲ.